ಗೋಡೆಗೆ ಬಣ್ಣ ಬಳಿಸೋ ಮುಂಚೆ ಅಂಗಳ ನೋಡಿ

ಶಿವರಾತ್ರಿ ಕಳೀತು, ಚಳಿ ಶಿವಶಿವಾ ಅಂತ ಹೋಯ್ತು. ಮುಂಗಾರಿಗೆ ಇನ್ನು ಮೂರು ತಿಂಗಳಿದೆ. ಈ ವಾರ ಬೆಳೆ ಬಿಟ್ಟು ಮನೆ ವಿಷಯ ಬರೀತಿದ್ದೀನಿ. ಗೋಡೆ ತೇವ ಹಿಡಿದಿದ್ದರೆ ಅದನ್ನು ಸರಿ ಮಾಡೋಕೆ ಇದೇ ಕಾಲ. ಮಳೆ ಶುರುವಾದ ಮೇಲೆ ಏನು ಮಾಡಿದರೂ ಗೋಡೆ ಒಣಗಲ್ಲ.

ಮೊದಲು ನನ್ನ ತಪ್ಪು ಹೇಳ್ತೀನಿ. ತೋಟಗಾರಿಕೆ ಪದವಿ ಮುಗಿಸಿ ಕೆಲವು ವರ್ಷ ಬೆಂಗಳೂರಲ್ಲಿ ಬೇರೆಯವರ ಮನೆ ಮುಂದೆ ಲಾನ್ ಹಾಕೋ ಕೆಲಸ ಮಾಡ್ತಿದ್ದೆ. ಸಾವಯವ ಕೃಷಿ ಮಾಡ್ತೀನಿ ಅಂತ ಊರಿಗೆ ಬಂದವನು ತೋಟಕ್ಕಿಂತ ಮುಂಚೆ ಕೈ ಹಾಕಿದ್ದು ನಮ್ಮ ಮನೆ ಅಂಗಳಕ್ಕೆ. ತಿಪಟೂರು ಕಡೆಯ ನಮ್ಮೂರಲ್ಲಿ ಅಂಗಳ ಅಂದ್ರೆ ಸಗಣಿ ಸಾರಿಸಿ ರಾಗಿ, ಕೊಬ್ಬರಿ ಒಣಗಿಸೋ ಜಾಗ. ಅಮ್ಮ ಬೇಡ ಅಂದರೂ ಕೇಳದೆ ಐದು ಟ್ರ್ಯಾಕ್ಟರ್ ಲೋಡ್ ಕೆಂಪು ಮಣ್ಣು ಹೊಡೆಸಿ, 600 ಚದರ ಅಡಿಗೆ ಗರಿಕೆ ನೆಟ್ಟೆ. ಗೋಡೆ ಪಕ್ಕ ಮಣ್ಣು ಇನ್ನಷ್ಟು ಏರಿಸಿ ಕ್ರೋಟನ್ ಸಾಲು ಮಾಡಿದೆ. ದಿನಾ ಸಂಜೆ ಸ್ಪ್ರಿಂಕ್ಲರ್. ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು.

ಎರಡನೇ ವರ್ಷ ಒಳಗಡೆ ಬಣ್ಣ ಪದರ ಪದರವಾಗಿ ಎದ್ದಿತು. ಪೇಂಟರ್ ಕರೆಸಿ 14 ಸಾವಿರ ಕೊಟ್ಟೆ. ಆರು ತಿಂಗಳಿಗೆ ಮತ್ತೆ ಎದ್ದಿತು. ಈ ಸಲ ವಾಟರ್‌ಪ್ರೂಫ್ ಬಣ್ಣ, 16 ಸಾವಿರ. ತೇವ ಹೋಗಲಿಲ್ಲ, ಬಣ್ಣ ಹಾಕಿದ ಎತ್ತರಕ್ಕಿಂತ ಒಂದಡಿ ಮೇಲೆ ಹೊಸದಾಗಿ ಕಾಣಿಸ್ತು. ಮೂರನೇ ವರ್ಷ ನಿಜವಾದ ಪೆಟ್ಟು ಬಿತ್ತು. ಆ ಗೋಡೆಗೆ ಒರಗಿಸಿ ಬಿತ್ತನೆ ರಾಗಿ, ನಾಟಿ ಅವರೆ, ಸೋರೆ ಬೀಜಗಳ ಚೀಲ ಇಟ್ಟಿದ್ದೆ. ಬಿತ್ತನೆಗೆ ಮುಂಚೆ 100 ಅವರೆ ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿದರೆ ಮೊಳಕೆ ಬಂದದ್ದು 31. ಅದು ಅಜ್ಜಿ ಕಾಲದಿಂದ ಮನೆಯಲ್ಲೇ ಉಳಿಸಿಕೊಂಡು ಬಂದ ತಳಿ, ಅಂಗಡಿಯಲ್ಲಿ ಸಿಗೋದಲ್ಲ. ಬಾಗಿಲ ಚೌಕಟ್ಟಿನ ಕೆಳಗೆ ಗೆದ್ದಲೂ ಹತ್ತಿತ್ತು.

ಆಗ ಕರೆದದ್ದು ಅಪ್ಪನ ಕಾಲದಲ್ಲಿ ಈ ಮನೆ ಕಟ್ಟಿದ ಮೇಸ್ತ್ರಿಯನ್ನು. ಅವರು ಒಳಗೆ ಬಂದು ಗೋಡೆ ನೋಡಲೇ ಇಲ್ಲ. ಬಾಗಿಲ ಮುಂದೆ ನಿಂತು ಕೇಳಿದರು:

"ಇಲ್ಲಿ ಮೆಟ್ಟಿಲು ಎಷ್ಟಿತ್ತಪ್ಪಾ?"

"ಎರಡು."

"ಈಗ ಎಣಿಸು."

ಒಂದೇ ಇತ್ತು. ನನ್ನ ಹುಲ್ಲು ಒಂದು ಮೆಟ್ಟಿಲು ನುಂಗಿತ್ತು. ಕ್ರೋಟನ್ ಸಾಲಿನ ಹತ್ತಿರ ಅವರು ಗುದ್ದಲಿಯಿಂದ ಎರಡು ಏಟು ಹಾಕಿದರು. ಪಾಯದ ಮೇಲಿನ ಕಾಂಕ್ರೀಟ್ ಪಟ್ಟಿ ಮಣ್ಣಿನ ಒಳಗೆ ಸಿಕ್ಕಿತು. ಆ ಪಟ್ಟಿ ಹಾಕೋದೇ ನೆಲದ ತೇವ ಇಟ್ಟಿಗೆಗೆ ಏರಬಾರದು ಅಂತ. ನಾನು ಅದಕ್ಕಿಂತ ಮೇಲೆ ಮಣ್ಣು ಪೇರಿಸಿ, ದಿನಾ ನೀರೂ ಕೊಟ್ಟು, ಇಟ್ಟಿಗೆಗೆ ನೀರಾವರಿ ಮಾಡ್ತಿದ್ದೆ.

ತೇವ ಎಲ್ಲಿಂದ ಬರ್ತಿದೆ, ಮೊದಲು ಅದು

ಎಲ್ಲ ತೇವವೂ ಅಂಗಳದ್ದೇ ಅಂತ ನಾನು ಹೇಳ್ತಿಲ್ಲ. ಗೋಡೆಯ ಕೆಳಭಾಗದಲ್ಲಿ, ನೆಲದಿಂದ ಎರಡು ಮೂರು ಅಡಿವರೆಗೆ ಅಡ್ಡಗೆರೆ ಎಳೆದ ಹಾಗೆ ಕಲೆ ಇದ್ದು, ಮೇಲೆ ಉಪ್ಪಿನಂಥ ಬಿಳಿ ಪುಡಿ ಕೂತಿದ್ದರೆ ಅದು ನೆಲದಿಂದ ಏರಿದ ನೀರು. ಚಾವಣಿ ಅಂಚಲ್ಲಿ ಶುರುವಾಗಿ ಕೆಳಗೆ ಇಳಿದಿದ್ದರೆ ತಾರಸಿ ನೋಡಿ. ನಡು ಗೋಡೆಯಲ್ಲಿ ಒಂದೇ ಕಡೆ, ಕಡು ಬೇಸಿಗೆಯಲ್ಲೂ ಒದ್ದೆ ಇದ್ದರೆ ಬಹುತೇಕ ಪೈಪ್ ಸೋರ್ತಿದೆ. ರಾತ್ರಿ ಮಲಗೋ ಮುಂಚೆ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಬೆಳಗ್ಗೆ ಯಾರೂ ನಲ್ಲಿ ತಿರುಗಿಸೋ ಮುಂಚೆ ಮತ್ತೆ ನೋಡಿ. ಇಳಿದಿದ್ದರೆ ಉತ್ತರ ಸಿಕ್ಕಿತು.

ಅನುಮಾನ ಇದ್ದರೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದ್ರೆ ಗೋಡೆ ಕಡೆ, ನೀರಿನ ಹನಿ ಕೂತರೆ ತೇವ ಗೋಡೆಯಿಂದಲೇ ಬರ್ತಿದೆ. ಹೊರಮೈಯಲ್ಲಿ ಕೂತರೆ ಕೋಣೆಯ ಗಾಳಿಯ ತೇವ. ಅದಕ್ಕೆ ಕಿಟಕಿ ತೆಗೆದಿಡೋದೇ ಮದ್ದು.

ಕಿಟಕಿ ಮೂಲೆಯಿಂದ ಓರೆಯಾಗಿ ಹೋಗೋ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ತಿಂಗಳಿಂದ ತಿಂಗಳಿಗೆ ಅದು ಬೆಳೀತಿದ್ದರೆ ನನ್ನ ಲೇಖನ ಮುಚ್ಚಿಟ್ಟು ಇಂಜಿನಿಯರ್ ಕರೆಸಿ. ಅದು ನಾವು ನೀವು ಸಿಮೆಂಟ್ ಮೆತ್ತಿ ಮುಗಿಸೋ ಕೆಲಸ ಅಲ್ಲ.

ಇಳಿಜಾರು ಅಳೆಯೋದು

ಫೋನಿನಲ್ಲಿ ಲೆವೆಲ್ ಆ್ಯಪ್ ಇದ್ದರೆ ಅರ್ಧ ಕೆಲಸ ಆಯ್ತು. ಮೇಸ್ತ್ರಿಗಳ ಹತ್ತಿರ ಆರು ಅಡಿ ಅಲ್ಯೂಮಿನಿಯಂ ಪಟ್ಟಿ ಇರುತ್ತಲ್ಲ, ಅದನ್ನು ಗೋಡೆಯಿಂದ ಹೊರಕ್ಕೆ ನೆಲದ ಮೇಲೆ ಇಟ್ಟು, ಅದರ ಮೇಲೆ ಫೋನ್ ಇಡಿ. ಫೋನಿನ ಕವರ್ ತೆಗೆಯಿರಿ. ಹಿಂಬದಿ ಕ್ಯಾಮೆರಾ ಉಬ್ಬಿರೋದರಿಂದ ಅಂಗಾತ ಮಲಗಿಸಿದರೆ ಲೆಕ್ಕ ತಪ್ಪುತ್ತೆ, ಉದ್ದದ ಮಗ್ಗುಲಲ್ಲಿ ನಿಲ್ಲಿಸಿ. ಒಮ್ಮೆ ನೋಡಿ, ಫೋನ್ ತಿರುಗಿಸಿ ಇಟ್ಟು ಇನ್ನೊಮ್ಮೆ ನೋಡಿ. ಎರಡು ಸಲವೂ ಒಂದೇ ಸಂಖ್ಯೆ ಬರಬೇಕು. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿದಿದ್ದರೆ ಒಳ್ಳೆಯದು, ಆ್ಯಪ್‌ನಲ್ಲಿ ಅದು ಸುಮಾರು 3 ಡಿಗ್ರಿ. ನಮ್ಮ ಅಂಗಳ ಒಂದು ಡಿಗ್ರಿ ಉಲ್ಟಾ, ಗೋಡೆ ಕಡೆಗೇ ಇಳಿದಿತ್ತು.

ಆ್ಯಪ್ ನಂಬಿಕೆ ಬರದಿದ್ದರೆ ನೀರು ತುಂಬಿದ ಪಾರದರ್ಶಕ ಪೈಪ್ ಇದ್ದೇ ಇದೆ. ಒಳಗೆ ಗಾಳಿ ಗುಳ್ಳೆ ಇರಬಾರದು, ಅಷ್ಟೇ. ನಿಜ ಹೇಳಬೇಕಂದ್ರೆ ನಮ್ಮ ಮೇಸ್ತ್ರಿ ಆ್ಯಪ್ ನೋಡಿ ನಕ್ಕು ಪೈಪನ್ನೇ ಹಿಡಿದರು.

ಮಣ್ಣು ತೆಗೆಯೋದು, ನೀರು ತಿರುಗಿಸೋದು

ಗೋಡೆಯಿಂದ ಮೂರು ಅಡಿ ಅಗಲಕ್ಕೆ ಹುಲ್ಲು, ಕ್ರೋಟನ್ ಎಲ್ಲ ಕಿತ್ತೆವು. ಕಾಂಕ್ರೀಟ್ ಪಟ್ಟಿಯಿಂದ ಕನಿಷ್ಠ 6 ಇಂಚು ಕೆಳಗೆ ನೆಲ ಬರೋವರೆಗೆ ಮಣ್ಣು ತೆಗೆದೆವು. ಒಂದು ಎಚ್ಚರಿಕೆ: ಆಮೇಲೆ ಬಂದು ಸೇರಿದ ಮಣ್ಣು ಮಾತ್ರ ತೆಗೆಯಿರಿ. ಉತ್ಸಾಹದಲ್ಲಿ ಮೂಲ ನೆಲಕ್ಕಿಂತ ಕೆಳಗೆ ಅಗೆದು ಪಾಯ ಬಯಲು ಮಾಡಬೇಡಿ. ಹೀಗೆ ತೆರೆದಾಗಲೇ ಗೆದ್ದಲಿನ ಮಣ್ಣಿನ ದಾರಿ ಸಿಕ್ಕಿದ್ದು. ಪೆನ್ಸಿಲ್ ದಪ್ಪದ ಕೊಳವೆ, ಮಣ್ಣಿನಿಂದ ನೇರ ಚೌಕಟ್ಟಿಗೆ. ಮಣ್ಣು ಮುಚ್ಚಿದ್ದರಿಂದ ಎರಡು ವರ್ಷ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಆ 6 ಇಂಚು ಖಾಲಿ ಜಾಗವನ್ನು ತಿಂಗಳಿಗೊಮ್ಮೆ ನೋಡ್ತೀನಿ, ದಾರಿ ಕಂಡರೆ ಕೆರೆದು ಹಾಕ್ತೀನಿ.

ಮೂರು ಅಡಿಯ ಆ ಪಟ್ಟಿಗೆ ಗರಸು ಮಣ್ಣು ಹಾಕಿ, ದಮ್ಮಸು ಮಾಡಿ, ಮೇಲೆ ಹಳೇ ಕಡಪ ಕಲ್ಲು ಹಾಸಿದೆವು. ಅಗಲಕ್ಕೆ 1 ಇಂಚು ಹೊರ ಇಳಿಜಾರು, ಸಂದಿಗೆ ಸಿಮೆಂಟ್. ಕೆಲವರು ಬರೀ ಜಲ್ಲಿ ಸುರಿದು ಬಿಡ್ತಾರೆ. ಕೆಳಗಿನ ನೆಲಕ್ಕೆ ಇಳಿಜಾರಿಲ್ಲದೆ ಜಲ್ಲಿ ಹಾಕಿದರೆ ನೀರು ಕಣ್ಣಿಗೆ ಮರೆಯಾಗುತ್ತೆ, ಗೋಡೆಗೆ ಮರೆಯಾಗಲ್ಲ.

ಇನ್ನು ತಾರಸಿ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮದು 1,000 ಚದರ ಅಡಿ ತಾರಸಿ, ಅಂದ್ರೆ 93 ಚದರ ಮೀಟರ್. 50 ಮಿ.ಮೀ. ಒಂದು ಜೋರು ಮಳೆಗೆ ಸುಮಾರು 4,600 ಲೀಟರ್. ಅಷ್ಟೂ ನೀರು ಎರಡು ಪೈಪಿನಿಂದ ಗೋಡೆ ಬುಡಕ್ಕೇ ಬೀಳ್ತಿತ್ತು. ಈಗ ಪೈಪ್ ಉದ್ದ ಮಾಡಿ 20 ಅಡಿ ಆಚೆಯ ತೆಂಗಿನ ಪಾತಿಗೆ ತಿರುಗಿಸಿದ್ದೀನಿ. ಪೈಪಿನ ಬಾಯಿಗೆ ಜಾಲರಿ ಕಟ್ಟೋದು ಮರೀಬೇಡಿ, ಇಲ್ಲದಿದ್ದರೆ ಇಲಿ ಸೇರ್ಕೊಳ್ಳುತ್ತೆ.

ಗೋಡೆಗೆ ಉಪಚಾರ

ಕಲೆ ಇರೋ ಎತ್ತರಕ್ಕಿಂತ ಒಂದು ಅಡಿ ಮೇಲಿನವರೆಗೆ ಹಳೇ ಗಾರೆ ಕೆತ್ತಿ ತೆಗೆಯಿರಿ. ಸ್ವಿಚ್ ಬೋರ್ಡ್ ಹತ್ತಿರ ಕೆತ್ತೋ ಮುಂಚೆ ಮೇನ್ ಆಫ್ ಮಾಡಿ. ಇಟ್ಟಿಗೆ ಸಂದಿಯನ್ನು ಅರ್ಧ ಇಂಚು ಕೆರೆಯಿರಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ಹೊರಗೆ ಎಸೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಗೇ ಹೋಗುತ್ತೆ. ಇದನ್ನು ಒಮ್ಮೆ ಮಾಡಿ ಬುದ್ಧಿ ಕಲಿತಿದ್ದೀನಿ.

ಆಮೇಲೆ ಕಾಯೋದು. ಇದೇ ಕಷ್ಟದ ಕೆಲಸ. ಗೋಡೆ ತಿಂಗಳಿಗೆ ಹೆಚ್ಚು ಕಡಿಮೆ ಒಂದು ಇಂಚು ದಪ್ಪ ಒಣಗುತ್ತೆ ಅನ್ನೋ ಅಂದಾಜಿದೆ. ಎರಡೂ ಕಡೆಯಿಂದ ಗಾಳಿ ಆಡಿದರೂ 9 ಇಂಚಿನ ಗೋಡೆ ಪೂರ್ತಿ ಒಣಗೋಕೆ ಬೇಸಿಗೆ ಸಾಲದು, ಆದರೆ ಮೂರು ತಿಂಗಳು ಬಿಟ್ಟರೆ ಗಾರೆ ಹಾಕೋ ಮಟ್ಟಕ್ಕೆ ಬರುತ್ತೆ. ವಾರಕ್ಕೊಂದು ಫೋಟೋ, ಒಂದೇ ಜಾಗದಿಂದ, ಒಂದೇ ಹೊತ್ತಿಗೆ. ದಿನಾ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ. ಬರೋ ನೆಂಟರೆಲ್ಲ "ಏನಿದು ಗೋಡೆ ಹೀಗೆ?" ಅಂತ ಕೇಳ್ತಾರೆ, ಕೇಳಲಿ ಬಿಡಿ.

ಮೇ ಕೊನೆಗೆ ನಾವು ಹಾಕಿದ್ದು ಸುಣ್ಣದ ಗಾರೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಮರಳು, ತೆಳುವಾಗಿ ಎರಡು ಸಲ. ಸಿಮೆಂಟ್ ಗಾರೆ ಒಳಗಿನ ತೇವವನ್ನು ಮುಚ್ಚಿಡುತ್ತೆ, ಅದು ಇನ್ನೊಂದು ಜಾಗ ಹುಡುಕಿಕೊಂಡು ಮೇಲೇರುತ್ತೆ. ನಮ್ಮ ವಾಟರ್‌ಪ್ರೂಫ್ ಬಣ್ಣ ಮಾಡಿದ್ದೂ ಇದನ್ನೇ. ಸುಣ್ಣ ಉಸಿರಾಡುತ್ತೆ, ಉಳಿದ ತೇವ ನಿಧಾನಕ್ಕೆ ಹೊರಗೆ ಹೋಗುತ್ತೆ. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬೇಡ, ಸುಣ್ಣವನ್ನೇ ತೆಳುವಾಗಿ ಮೂರು ನಾಲ್ಕು ಸಲ ಬಳಿಯಿರಿ.

ಸುಣ್ಣ ಅರಳಿಸೋವಾಗ ಹುಷಾರು. ನೀರಿಗೆ ಸುಣ್ಣದ ಕಲ್ಲು ಸ್ವಲ್ಪ ಸ್ವಲ್ಪ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು. ಕುದಿಯುತ್ತೆ, ಸಿಡಿಯುತ್ತೆ, ಪ್ಲಾಸ್ಟಿಕ್ ಬಕೆಟ್ ಕರಗುತ್ತೆ. ಕಬ್ಬಿಣದ ಡ್ರಮ್ ಬಳಸಿ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಲ್ಲಿ ತೊಳೆಯುತ್ತಾ ಆಸ್ಪತ್ರೆಗೆ ಹೊರಡಿ.

ಉಳಿದ ಹುಲ್ಲು

ಲಾನ್ ಪೂರ್ತಿ ತೆಗೆಯಲಿಲ್ಲ. ಅರ್ಧ ಅಂಗಳ ಅಮ್ಮನಿಗೆ ವಾಪಸ್ ಹೋಯ್ತು, ಅಲ್ಲಿ ಮತ್ತೆ ಕೊಬ್ಬರಿ ಒಣಗ್ತಿದೆ. ಉಳಿದರ್ಧಕ್ಕೆ ನೀರು ಕೊಡೋ ರೀತಿ ಬದಲಾಯಿಸಿದೆ. ನಾಲ್ಕು ಚಪ್ಪಟೆ ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು 15 ನಿಮಿಷ ಸ್ಪ್ರಿಂಕ್ಲರ್ ಬಿಟ್ಟೆ. ಸ್ಕೇಲ್ ಇಟ್ಟು ಅಳೆದರೆ 4 ಮಿ.ಮೀ. ನೀರು. ನಾನು ದಿನಾ ಬಿಡ್ತಿದ್ದದ್ದು 40 ನಿಮಿಷ, ಅಂದ್ರೆ 11 ಮಿ.ಮೀ.; ಆಗಿನ 600 ಚದರ ಅಡಿಗೆ ದಿನಕ್ಕೆ 600 ಲೀಟರ್ ಆಯ್ತು. ಬೇಸಿಗೆಯಲ್ಲೂ ಗರಿಕೆಗೆ ದಿನಕ್ಕೆ ನಾಲ್ಕೈದು ಮಿ.ಮೀ. ಸಾಕು. ಬೋರ್‌ವೆಲ್ ನೀರಿಗೆ ಒದ್ದಾಡೋ ಊರಲ್ಲಿ ಓದಿದವನೊಬ್ಬ ಮಾಡಿದ ಕೆಲಸ ಇದು.

ಈಗ ನಾಲ್ಕು ದಿನಕ್ಕೊಮ್ಮೆ, ಬೆಳಗ್ಗೆ, ಅರ್ಧ ಗಂಟೆ ಬಿಟ್ಟು ನಿಲ್ಲಿಸಿ, ಸ್ವಲ್ಪ ಹೊತ್ತು ಇಂಗಲು ಬಿಟ್ಟು ಇನ್ನರ್ಧ ಗಂಟೆ. ಸ್ಪ್ರಿಂಕ್ಲರ್ ಹನಿ ಗೋಡೆಗೆ ಸಿಡಿಯದ ಹಾಗೆ ದೂರ ಇಟ್ಟಿದ್ದೀನಿ. ನೀರು ಆಳಕ್ಕೆ ಇಳಿದರೆ ಬೇರೂ ಆಳಕ್ಕೆ ಹೋಗುತ್ತೆ. ಒಂದು ಉದ್ದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಐದಾರು ಇಂಚು ಸಲೀಸಾಗಿ ಇಳಿದರೆ ಇನ್ನೂ ನೀರು ಬೇಡ.

ಕತ್ತರಿಸೋವಾಗ ಒಂದೇ ಸಲ ಬೋಳು ಮಾಡಬೇಡಿ, ಎತ್ತರದ ಮೂರನೇ ಒಂದು ಭಾಗ ಮಾತ್ರ. ಗರಿಕೆ ಒಂದರಿಂದ ಒಂದೂವರೆ ಇಂಚು ಇರಲಿ. ಬ್ಲೇಡ್ ಮೊಂಡಾದರೆ ತುದಿ ಹರಿದು ಬಿಳಿಚಿಕೊಳ್ಳುತ್ತೆ, ನಾವು ಅದನ್ನ ರೋಗ ಅಂದ್ಕೊಂಡು ಔಷಧಿ ಹುಡುಕ್ತೀವಿ. ಜೇಕನ್ನು ಮೇಲಿಂದ ಕಿತ್ತರೆ ಪ್ರಯೋಜನ ಇಲ್ಲ, ನೀರು ಕೊಟ್ಟ ಮಾರನೇ ದಿನ ಗಡ್ಡೆ ಸಮೇತ ಎತ್ತಬೇಕು. ಮರದ ನೆರಳಲ್ಲಿ ಗರಿಕೆ ಬರಲ್ಲ, ಅಲ್ಲಿ ಹಟ ಮಾಡಬೇಡಿ. ಹೊಸದಾಗಿ ನೆಡೋರು ಜೂನ್‌ವರೆಗೆ ಕಾಯಿರಿ, ಮಳೆ ನೀರಲ್ಲೇ ಹಿಡಿಯುತ್ತೆ. ಗರಿಕೆಯ ಬಳ್ಳಿ ಕಲ್ಲು ಹಾಸಿನ ಕಡೆ ಹರಿಯುತ್ತೆ, ತಿಂಗಳಿಗೊಮ್ಮೆ ಗುದ್ದಲಿಯಿಂದ ಅಂಚು ಕಡಿಯಿರಿ.

ಈ ಎಲ್ಲ ರಿಪೇರಿಗೆ ನನಗೆ ಖರ್ಚಾದದ್ದು ಹದಿನೇಳೂವರೆ ಸಾವಿರ, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಕೂಲಿ. ಎರಡು ಸಲದ ಬಣ್ಣಕ್ಕೆ ಕೊಟ್ಟದ್ದು 30 ಸಾವಿರ.

ಆ 31 ಮೊಳಕೆ ಅವರೆಯನ್ನು ಬೇರೆಯಾಗಿ ನೆಟ್ಟು ಬೀಜಕ್ಕೇ ಬಿಟ್ಟೆ. ಎರಡು ಹಂಗಾಮು ಆದ ಮೇಲೆ ಮತ್ತೆ ಒಂದು ಡಬ್ಬಿ ತುಂಬಿದೆ. ಗೋಡೆ ಈಗ ಒಣಗಿದೆ, ಫೋಟೋಗಳೂ ಇವೆ. ಆದರೂ ಅಮ್ಮ ಬೀಜದ ಡಬ್ಬಿಯನ್ನು ಆ ಕೋಣೆಗೆ ತರೋಕೆ ಬಿಟ್ಟಿಲ್ಲ. "ಇನ್ನೊಂದು ಮಳೆಗಾಲ ಹೋಗ್ಲಿ, ನೋಡೋಣ" ಅಂತಾರೆ. ಡಬ್ಬಿ ಅಡುಗೆಮನೆ ಅಟ್ಟದ ಮೇಲಿದೆ.