ಖಚಿತ, ಅಸಂಭವ, ಸಂಭವ: ಬಿತ್ತನೆಯ ನಿರ್ಧಾರಕ್ಕೊಂದು ಗಣಿತ ಪಾಠ

ದೈನಂದಿನ ಘಟನೆಗಳು ಮೂರು ಬಗೆಯವು: ನಡೆದೇ ತೀರುವ ಖಚಿತ ಘಟನೆ, ಎಂದಿಗೂ ನಡೆಯದ ಅಸಂಭವ ಘಟನೆ, ನಡೆಯಲೂಬಹುದಾದ ನಡೆಯದಿರಲೂಬಹುದಾದ ಸಂಭವ ಘಟನೆ. ಇವನ್ನು ಅಳೆಯುವ ಸಂಖ್ಯೆಯೇ ಸಂಭವನೀಯತೆ. ಖಚಿತಕ್ಕೆ 1, ಅಸಂಭವಕ್ಕೆ 0; ಉಳಿದೆಲ್ಲವೂ ಇವೆರಡರ ನಡುವೆ ಬರುತ್ತವೆ.

ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸಮಾನ ಮತಗಳು ಬಂದಾಗ ಚೀಟಿ ಎತ್ತಿ ಫಲಿತಾಂಶ ನಿರ್ಧರಿಸಲಾಗುತ್ತದೆ. ಆ ಇಬ್ಬರಲ್ಲಿ ಒಬ್ಬರು ಗೆಲ್ಲುವುದು ಖಚಿತ. ಮೂರನೆಯವರು ಗೆಲ್ಲುವುದು ಅಸಂಭವ. ಪ್ರತಿಯೊಬ್ಬರ ಗೆಲುವಿನ ಸಂಭವನೀಯತೆ 1/2. ಇಲ್ಲಿ ಚೀಟಿಗಳನ್ನು ಎಣಿಸಿದರೆ ಸಾಕು, ಉತ್ತರ ದೊರೆಯುತ್ತದೆ.

ಮಳೆಯ ಲೆಕ್ಕ ಹಾಗಲ್ಲ. ವಿಜಯಪುರ ಜಿಲ್ಲೆಯ ಗೊಳಸಂಗಿಯಂತಹ ಊರುಗಳಲ್ಲಿ ತೊಗರಿ ಬಿತ್ತುವ ರೈತರು ಮೃಗಶಿರಾ ಮಳೆಗಾಗಿ ಕಾಯುತ್ತಾರೆ. ಜೂನ್ ಮೊದಲ ವಾರದ ಕೊನೆಯ ಹೊತ್ತಿಗೆ ಆ ನಕ್ಷತ್ರ ಆರಂಭವಾಗುವುದು ಖಚಿತ. ಅದು ಪಂಚಾಂಗದ ಗಣಿತ. ಆದರೆ ಆ ನಕ್ಷತ್ರದಲ್ಲಿ ಹದ ಮಳೆಯಾಗುವುದು ಕೇವಲ ಸಂಭವ. ಇವೆರಡನ್ನೂ ಒಂದೆಂದು ಎಣಿಸಿ ಬಿತ್ತಿದಾಗ ಬೀಜ ಒಣಗುತ್ತದೆ.

ಮಳೆಯ ಸಂಭವನೀಯತೆಯನ್ನು ಹಿಂದಿನ ದಾಖಲೆಗಳಿಂದ ಎಣಿಸಬೇಕು. ಉದಾಹರಣೆಗೆ, 20 ವರ್ಷಗಳ ಪೈಕಿ 12 ವರ್ಷ ಮೃಗಶಿರಾದಲ್ಲಿ ಹದ ಮಳೆಯಾಗಿದ್ದರೆ ಸಂಭವನೀಯತೆ 12/20, ಅಂದರೆ ಶೇ. 60. ಕಳೆದ 3 ವರ್ಷ ಮಳೆ ಕೈಕೊಟ್ಟಿತು, ಆದ್ದರಿಂದ ಈ ವರ್ಷ ಬಂದೇ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಹಿಂದಿನ ಬಾಕಿ ತೀರಿಸುವ ಹೊಣೆ ಮಳೆಗಿಲ್ಲ.

ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯ ಪದಗಳಿಗೂ ಅಳತೆಯಿದೆ. ‘ಸಂಭವವಿದೆ’ ಎಂದರೆ ಶೇ. 25ರಿಂದ 50, ‘ಹೆಚ್ಚು ಸಂಭವವಿದೆ’ ಎಂದರೆ ಶೇ. 50ರಿಂದ 75, ‘ಅತ್ಯಧಿಕ ಸಂಭವ’ ಎಂದರೆ ಶೇ. 75ಕ್ಕಿಂತ ಮೇಲು. ಶೇ. 40ರ ಮುನ್ಸೂಚನೆಯಿದ್ದ ದಿನ ಮಳೆಯಾಗದಿದ್ದರೆ ಅದು ಸುಳ್ಳಾಯಿತೆಂದು ಅರ್ಥವಲ್ಲ. ಅಂತಹ 10 ದಿನಗಳಲ್ಲಿ ಸುಮಾರು 6 ದಿನ ಮಳೆಯಾಗದಿರುವುದೇ ಸಹಜ.

ಈ ತಿಳಿವಳಿಕೆಯನ್ನು ನಿರ್ಧಾರಕ್ಕೆ ಬಳಸುವ ವಿಧಾನ ಸರಳ. ಒಂದು ಎಕರೆಯ ಬೀಜ ಮತ್ತು ಬಿತ್ತನೆಯ ವೆಚ್ಚ ರೂ. 3,000 ಎಂದು ಭಾವಿಸೋಣ. ಮೊದಲ ತುಂತುರಿಗೇ ಬಿತ್ತಿದರೆ ಮೊಳಕೆ ಒಣಗುವ ಸಂಭವ ಶೇ. 40 ಇದ್ದಲ್ಲಿ ಸರಾಸರಿ ನಷ್ಟ ರೂ. 1,200. ಹದ ಮಳೆಗೆ ಕಾದರೆ ತಡವಾದ ಬಿತ್ತನೆಯಿಂದ ರೂ. 1,000 ಮೌಲ್ಯದ ಇಳುವರಿ ತಗ್ಗುವುದೆನ್ನೋಣ. ಆಗ ಕಾಯುವುದೇ ಲೇಸು. ಒಣಗುವ ಸಂಭವ ಶೇ. 20ಕ್ಕೆ ಇಳಿದರೆ ಸರಾಸರಿ ನಷ್ಟ ರೂ. 600 ಮಾತ್ರ, ಆಗ ಬಿತ್ತುವುದೇ ಲೇಸು. ಸಂಭವನೀಯತೆ ಬದಲಾದಂತೆ ನಿರ್ಧಾರವೂ ಬದಲಾಗುತ್ತದೆ.

ಆದರೆ ಸರಾಸರಿಯೊಂದನ್ನೇ ನೆಚ್ಚುವಂತಿಲ್ಲ. ನಷ್ಟವಾದ ವರ್ಷ ಕೈಬಿಡುವುದು ರೂ. 1,200 ಅಲ್ಲ, ಪೂರ್ಣ ರೂ. 3,000. ಮತ್ತೊಮ್ಮೆ ಬೀಜ ಕೊಳ್ಳಲು ಹಣವಿಲ್ಲದ ಸಣ್ಣ ರೈತನು ಸಂಭವದೊಡನೆ ತನ್ನ ತಾಳಿಕೆಯನ್ನೂ ತೂಗಿ ನೋಡಬೇಕು. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯು ಇಂತಹ ಭಾರವನ್ನು ಹಂಚಿಕೊಳ್ಳುವ ವ್ಯವಸ್ಥೆ. ಮುಂಗಾರಿನ ಆಹಾರ ಧಾನ್ಯ, ಬೇಳೆಕಾಳು ಮತ್ತು ಎಣ್ಣೆಕಾಳುಗಳಿಗೆ ರೈತರ ಪಾಲಿನ ವಂತಿಗೆ ವಿಮಾ ಮೊತ್ತದ ಗರಿಷ್ಠ ಶೇ. 2, ರೂ. 20,000ಕ್ಕೆ ರೂ. 400. ಬೆಳೆ ಚೆನ್ನಾಗಿ ಬಂದು ಪರಿಹಾರ ದೊರೆಯದ ವರ್ಷವೂ ಆ ಹಣ ವ್ಯರ್ಥವಲ್ಲ. ಅನಿಶ್ಚಿತವಾದ ದೊಡ್ಡ ನಷ್ಟದ ಬದಲಿಗೆ ನಿಶ್ಚಿತವಾದ ಸಣ್ಣ ವೆಚ್ಚವನ್ನು ರೈತನು ಆರಿಸಿಕೊಂಡಿರುತ್ತಾನೆ.

ಅಭ್ಯಾಸ: ಪ್ರತಿ ಮಳೆ ನಕ್ಷತ್ರದಲ್ಲಿ ತಮ್ಮ ಹೊಲಕ್ಕೆ ಹದ ಮಳೆ ಬಂದಿತೇ ಇಲ್ಲವೇ ಎಂಬುದನ್ನು ರೈತರು ಹಾಗೂ ಸ್ವಸಹಾಯ ಸಂಘದ ಸದಸ್ಯೆಯರು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಶಾಲಾ ಮಕ್ಕಳು ವರ್ಷಾಂತ್ಯದಲ್ಲಿ ಅದನ್ನು ಎಣಿಸಿ ಗ್ರಾಮಸಭೆಯಲ್ಲಿ ಓದಬಹುದು. ವರ್ಷಗಳು ಸೇರಿದಂತೆ ಆ ಪುಸ್ತಕವೇ ಊರಿನ ಸಂಭವನೀಯತೆಯ ಕೋಷ್ಟಕವಾಗುತ್ತದೆ.