ಗೊತ್ತಾಗಲಿಲ್ಲ, ಇನ್ನೊಂದು ಸಲ ಹೇಳಿ
(ಸಂಘದ ಸಭೆಗೆ ಈ ತಿಂಗಳ ಪಾಠ: ವಲಸೆ ಬಂದ ಕುಟುಂಬಗಳಿಗೆ ಕನ್ನಡ ಕಲಿಸುವುದು)



ಈ ಸಲದ ಪಾಠ ಉಳಿತಾಯದ ಬಗ್ಗೆ ಅಲ್ಲ, ಸಾಲ ಮರುಪಾವತಿ ಬಗ್ಗೆಯೂ ಅಲ್ಲ. ಆಲೆಮನೆಯ ಹಿಂದಿನ ಶೆಡ್ಡಿನಲ್ಲಿ ವಾಸವಿರುವ, ನಾವು ದಿನಾ ನೋಡಿಯೂ ಮಾತಾಡಿಸದ ಕುಟುಂಬಗಳ ಬಗ್ಗೆ. ಪಾಠ ಓದುವ ಮೊದಲು ಸಂಘದ ಪ್ರತಿನಿಧಿಯವರು ಎಲ್ಲರಿಗೂ ಒಂದು ಪ್ರಶ್ನೆ ಕೇಳಿರಿ. ನಮ್ಮೂರ ಆಲೆಮನೆಯಲ್ಲಿ ದುಡಿಯುವ ಹೆಂಗಸರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಿದೆಯೇ? ನಾವು ಐದಾರು ಸಂಘಗಳಲ್ಲಿ ಕೇಳಿದೆವು. 'ಹಿಂದಿಯೋರು' ಎಂಬ ಉತ್ತರ ಬಂತು, ಹೆಸರು ಬರಲಿಲ್ಲ.

ಬೂಕನಕೆರೆ ಸುತ್ತಿನ ಕಬ್ಬಿನ ಸೀಮೆಗೆ ಪ್ರತಿ ವರ್ಷ ಹೊರಗಿನಿಂದ ಜನ ಬರುವುದು ನಿಮಗೆ ಗೊತ್ತೇ ಇದೆ. ಕಬ್ಬು ಕಡಿಯಲು ಬಳ್ಳಾರಿ ಕಡೆಯ ತಂಡಗಳು ಬರುತ್ತವೆ. ಅವರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಅಂತರ ಇದ್ದರೂ ಹೇಗೋ ನಡೆಯುತ್ತದೆ. ಆಲೆಮನೆಗಳಲ್ಲಿ ಮಾತ್ರ ಉತ್ತರ ಪ್ರದೇಶ, ಬಿಹಾರದವರೇ ಹೆಚ್ಚು. ಗಾಣಕ್ಕೆ ಕಬ್ಬು ಕೊಡುವವರು, ಕೊಪ್ಪರಿಗೆ ಮುಂದೆ ನಿಲ್ಲುವವರು, ಸಿಪ್ಪೆ ಒಣಗಿಸುವವರು ಎಲ್ಲಾ ಅವರೇ. ಕೆಲವರು ಹೆಂಡತಿ ಮಕ್ಕಳನ್ನೂ ಕರೆತರುತ್ತಾರೆ. ಗಂಡಸರು ಕೆಲಸದ ಜಾಗದಲ್ಲಿ ನಾಲ್ಕು ಮಾತು ಕಲಿಯುತ್ತಾರೆ. ಶೆಡ್ಡಿನಲ್ಲೇ ಉಳಿಯುವ ಹೆಂಗಸರಿಗೆ ಅದೂ ಇಲ್ಲ.

ನಡೆದ ಒಂದು ಸಂಗತಿ ಹೇಳುತ್ತೇವೆ. ಅಂಥ ಒಬ್ಬ ತಾಯಿ ಎರಡು ವರ್ಷದ ಮಗುವಿಗೆ ಜ್ವರ ಬಂದಾಗ ಒಂದು ಆಸ್ಪತ್ರೆಗೆ ಹೋದಳು. ಅಲ್ಲಿದ್ದವರು ಔಷಧದ ಬಾಟಲಿ ಕೊಟ್ಟು, 'ಒಂದೊಂದು ಮುಚ್ಚಳ, ದಿನಕ್ಕೆ ಮೂರು ಸಲ, ಗೊತ್ತಾಯ್ತಾ?' ಎಂದರು. ಆಕೆ 'ಹೂಂ' ಎಂದಳು. ಅಚ್ಚು ಬೆಲ್ಲ ಎಣಿಸುವಾಗ ಕೇಳಿ ಕೇಳಿ 'ಮೂರು' ಎಂಬ ಪದ ಆಕೆಗೆ ಬರುತ್ತಿತ್ತು. 'ಸಲ' ಎಂದರೇನು ಎಂದು ಗೊತ್ತಿರಲಿಲ್ಲ. ಮನೆಗೆ ಬಂದು ಒಟ್ಟಿಗೇ ಮೂರು ಮುಚ್ಚಳ ಕುಡಿಸಿದಳು. ಜ್ವರ ಬಿಡಲಿಲ್ಲವೆಂದು ಸಂಜೆ ಇನ್ನೂ ಮೂರು. ರಾತ್ರಿ ಮಗು ವಾಂತಿ ಮಾಡಿ ಮಂಕಾಗಿ ಮಲಗಿತು. ಆಕೆ ಅಳುವ ಸದ್ದು ಕೇಳಿ ಪಕ್ಕದ ಮನೆಯ ನಮ್ಮ ಸಂಘದ ಸದಸ್ಯೆ ಓಡಿ ಹೋಗಿ, ಬಾಟಲಿ ನೋಡಿ, 108ಕ್ಕೆ ಫೋನ್ ಮಾಡಿದರು. ಜ್ವರದ ಔಷಧ ಹೆಚ್ಚಾದರೆ ಲಿವರ್‌ಗೆ ಪೆಟ್ಟು ಬೀಳುತ್ತದೆ, ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದು ವೈದ್ಯರು ಹೇಳಿದರಂತೆ. ದೇವರ ದಯೆ, ಮಗು ಉಳಿಯಿತು.

ಔಷಧ ಕೊಟ್ಟವರು ಸರಿಯಾಗಿಯೇ ಹೇಳಿದ್ದರು. ತಾಯಿಯೂ ಗಮನವಿಟ್ಟು ಕೇಳಿಸಿಕೊಂಡಿದ್ದಳು. 'ಗೊತ್ತಾಗಲಿಲ್ಲ' ಎನ್ನುವ ಮಾತು ಆಕೆಯ ಬಾಯಲ್ಲಿ ಇರಲಿಲ್ಲ, ಅಷ್ಟೇ. ಈ 'ಹೂಂ' ನಮಗೆ ಹೊಸದಲ್ಲ. 2000ನೇ ಇಸವಿ ಆಚೀಚೆ ಸ್ತ್ರೀಶಕ್ತಿ ಗುಂಪುಗಳು ಶುರುವಾದ ಕಾಲದಲ್ಲಿ ನಿಮ್ಮಲ್ಲಿ ಎಷ್ಟು ಜನ ಬ್ಯಾಂಕಿಗೆ ಹೋಗಿ ಏನೂ ತಿಳಿಯದೆ 'ಹೂಂ ಸಾರ್, ಹೂಂ ಸಾರ್' ಎಂದು ಬಂದಿರಿ, ನೆನಪು ಮಾಡಿಕೊಳ್ಳಿ. ಆಚೆ ಬಂದು 'ಏನಂದ್ರು ಸಿಸ್ಟರ್?' ಎಂದು ನಮ್ಮನ್ನು ಕೇಳುತ್ತಿದ್ದಿರಿ. ಅದೂ ನಮ್ಮ ಭಾಷೆಯಲ್ಲೇ ಹೇಳಿದ ಮಾತಿಗೆ!

ಆದ್ದರಿಂದ ಯಾರಿಗೇ ಕನ್ನಡ ಕಲಿಸಲು ಹೋದರೂ ಮೊದಲ ದಿನದ ಪಾಠ 'ನನ್ನ ಹೆಸರು ಇಂಥದ್ದು' ಎಂಬುದಲ್ಲ. 'ಗೊತ್ತಾಗಲಿಲ್ಲ, ಇನ್ನೊಂದು ಸಲ ಹೇಳಿ.' ಇದನ್ನು ನಾಚಿಕೆಯಿಲ್ಲದೆ, ಗಟ್ಟಿಯಾಗಿ ಹತ್ತು ಸಲ ಹೇಳಿಸಿರಿ.

ಈ ಮಾತು ತೆಗೆದಾಗಲೆಲ್ಲ ಎರಡು ಆಕ್ಷೇಪಣೆ ಬರುತ್ತವೆ. 'ನಾವು ಓದಿರೋದೇ ಏಳ್ನೇ ಕ್ಲಾಸು, ನಾವೇನ್ ಕಲ್ಸೋದು ಸಿಸ್ಟರ್?' ಎನ್ನುವುದು ಒಂದು. 'ನಮಗೆ ಹಿಂದಿ ಬರಕಿಲ್ವಲ್ಲ' ಎನ್ನುವುದು ಇನ್ನೊಂದು. ಅಮೆರಿಕದ ಸಿರಾಕ್ಯೂಸ್ ಎಂಬ ಊರಿನಲ್ಲಿ ರೂತ್ ಕಾಲ್ವಿನ್ ಎಂಬ ಗೃಹಿಣಿ ಇದ್ದರು. ತಮ್ಮೂರಿನಲ್ಲೇ ಓದಲು ಬಾರದ ಸಾವಿರಾರು ಜನ ಇದ್ದಾರೆಂದು ತಿಳಿದು, 1962ರಲ್ಲಿ ನೆರೆಹೊರೆಯ ಹೆಂಗಸರನ್ನು ಸೇರಿಸಿಕೊಂಡು ಕಲಿಸುವ ಸಂಘ ಕಟ್ಟಿದರು. ಮುಂದೆ ಬೇರೆ ದೇಶಗಳಿಂದ ವಲಸೆ ಬಂದವರಿಗೆ ಇಂಗ್ಲಿಷ್ ಮಾತು ಕಲಿಸುವುದೂ ಅವರ ಸಂಘದ ಕೆಲಸವಾಯಿತು. ಅವರು 2024ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದಿಗೂ ಆ ದೇಶದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಾಮಾನ್ಯ ಜನ ವಲಸಿಗರಿಗೆ ಬಿಟ್ಟಿಯಾಗಿ ಇಂಗ್ಲಿಷ್ ಕಲಿಸುತ್ತಾರೆ. ಕಲಿಯುವವರ ಭಾಷೆ ಅವರಿಗೂ ಬರುವುದಿಲ್ಲ. ಲೋಟ ತೋರಿಸಿ 'ಲೋಟ', ನೀರು ಸುರಿದು 'ನೀರು' ಎನ್ನಲು ಹಿಂದಿ ಯಾಕೆ ಬೇಕು?

ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ 2017ರಲ್ಲಿ ಅಲ್ಲಿನ ಸಾಕ್ಷರತಾ ಮಿಷನ್‌ನವರು ಪೆರುಂಬಾವೂರಿನಲ್ಲಿ 'ಚಂಗಾದಿ' ಎಂಬ ಕಾರ್ಯಕ್ರಮ ಶುರು ಮಾಡಿದರು. ಚಂಗಾದಿ ಎಂದರೆ ಗೆಳೆಯ. ಹೊರ ರಾಜ್ಯದ ಕೂಲಿಯವರಿಗೆ ಮಲಯಾಳಂ ಕಲಿಸಲು 'ಹಮಾರಿ ಮಲಯಾಳಂ' ಎಂಬ ಪುಸ್ತಕವನ್ನೇ ಮಾಡಿದರು. ನಮ್ಮಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಕನ್ನಡೇತರರಿಗೆ ಕಲಿಕಾ ಕೇಂದ್ರ ನಡೆಸುತ್ತದೆ. ಆದರೆ ಕೊಪ್ಪರಿಗೆ ಬಿಟ್ಟು ಬರಲಾಗದವರ ಹತ್ತಿರಕ್ಕೆ ನಾವೇ ಹೋಗಬೇಕಾಗುತ್ತದೆ.

ಮೊದಲ ಸಲ ನಾವು ಹೋದದ್ದು ಸ್ಲೇಟು ಬಳಪ ಹಿಡಿದುಕೊಂಡು. ಅ ಆ ಇ ಈ ಬರೆಸಿದೆವು. ಮೊದಲ ವಾರ ಹನ್ನೊಂದು ಜನ ಇದ್ದರು, ಮೂರನೇ ವಾರಕ್ಕೆ ಇಬ್ಬರು ಉಳಿದರು, ಅದರಲ್ಲಿ ಒಬ್ಬಳು ನಮ್ಮ ಮೇಲಿನ ಮರ್ಯಾದೆಗೆ ಕೂತಿದ್ದಳು. ತಪ್ಪು ನಮ್ಮದೇ. ಅಂಗಡಿಯಲ್ಲಿ ಎಣ್ಣೆ ಕೇಳಲು ಬಾರದವಳಿಗೆ 'ಋ' ತೆಗೆದುಕೊಂಡು ಏನಾಗಬೇಕು! ಆಮೇಲೆ ಅಕ್ಷರ ಬಿಟ್ಟೆವು, ಮಾತು ಹಿಡಿದೆವು. ಅಂಗಡಿ, ಆಸ್ಪತ್ರೆ, ಬಸ್ಸು, ಅಂಗನವಾಡಿ, ಕೂಲಿ ಲೆಕ್ಕ ಎಂದು ಒಂದೊಂದು ವಾರಕ್ಕೆ ಒಂದೊಂದು ಜಾಗ. ಒಬ್ಬರು ಅಂಗಡಿಯವರಾಗಿ, ಇನ್ನೊಬ್ಬರು ಗಿರಾಕಿಯಾಗಿ ಆಡಿ ತೋರಿಸುವುದು. ನಗು ಬರುತ್ತದೆ, ಬರಲಿ.

ಕಲಿಸುತ್ತಾ ಹೋದಂತೆ ನಮಗೇ ಒಂದು ವಿಷಯ ಹೊಳೆಯಿತು. ನಮ್ಮ ಸಂಘದ ಪುಸ್ತಕದಲ್ಲಿರುವ ಪದಗಳೇ ಅವರಿಗೂ ನಮಗೂ ಸೇತುವೆ. ಜಮಾ, ಖರ್ಚು, ಬಾಕಿ, ರಸೀದಿ, ಹಾಜರಿ, ತಾರೀಖು, ಕಮ್ಮಿ - ಇವೆಲ್ಲ ಹಿಂದಿಯವರಿಗೂ ತಿಳಿಯುವ ಪದಗಳು. ವಾರಗಳ ಹೆಸರೂ ಹಾಗೆಯೇ, ಭಾನುವಾರ ಒಂದನ್ನು ಅವರು ರವಿವಾರ ಎನ್ನುತ್ತಾರೆ. ಮೊದಲ ದಿನ ಈ ಪದಗಳನ್ನು ಹೇಳಿದರೆ 'ಅರೆ, ನಮಗೆ ಕನ್ನಡ ಬರುತ್ತೆ' ಎಂದು ಅವರ ಮುಖ ಅರಳುತ್ತದೆ.

ಒಂದೇ ಥರ ಕೇಳಿಸಿ ಮೋಸ ಮಾಡುವ ಪದಗಳೂ ಇವೆ. ನಮ್ಮ 'ಸಹಿ' ಎಂದರೆ ರುಜು, ಅವರ 'ಸಹೀ' ಎಂದರೆ ಸರಿ. ಕಾಗದಕ್ಕೆ ಸಹಿ ಎಂದಾಗ ಅದು ಏನೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವವರಿದ್ದಾರೆ, ಇದನ್ನು ಬಿಡಿಸಿ ಹೇಳಿರಿ. 'ಸಾಲ' ಎಂಬ ಪದವಂತೂ ಜೋಪಾನ. ನಮ್ಮ ಸದಸ್ಯೆಯೊಬ್ಬರು ಒಳ್ಳೆಯ ಮನಸ್ಸಿನಿಂದ 'ಸಾಲ ಏನಾದ್ರೂ ಐತಾ?' ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ ಮುಖ ಕೆಂಪಗೆ ಮಾಡಿಕೊಂಡ. ಅವರಲ್ಲಿ ಹೆಂಡತಿಯ ತಮ್ಮನಿಗೆ 'ಸಾಲಾ' ಎನ್ನುತ್ತಾರೆ, ಬೈಗುಳವೂ ಅದೇ. ಇನ್ನು ಹಿಂದಿಯಲ್ಲಿ ನಿನ್ನೆಗೂ ನಾಳೆಗೂ 'ಕಲ್' ಎಂಬ ಒಂದೇ ಪದ. ಹಾಗಾಗಿ 'ನಾಳೆ ಜ್ವರ ಬಂತು' ಎಂದರೆ ನಗಬೇಡಿ. ನಿನ್ನೆ ಎಂದಾಗ ಕೈ ಹಿಂದಕ್ಕೆ, ನಾಳೆ ಎಂದಾಗ ಮುಂದಕ್ಕೆ ತೋರಿಸಿದರೆ ಎರಡು ವಾರದಲ್ಲಿ ಸರಿಹೋಗುತ್ತದೆ. ಬಿಹಾರದ ಕಡೆಯವರು ಒಬ್ಬರೇ ಇದ್ದರೂ 'ಹಮ್', ಅಂದರೆ 'ನಾವು' ಎನ್ನುತ್ತಾರೆ. ಅದನ್ನು ತಿದ್ದುವ ಅವಸರ ಬೇಡ. ಈ ಪಾಠದಲ್ಲಿ ನಾವೂ ಹಾಗೇ ಬರೆಯುತ್ತಿದ್ದೇವಲ್ಲ.

ಮರ್ಯಾದೆಯ ಮಾತನ್ನು ಮಾತ್ರ ಬೇಗ ಕಲಿಸಿರಿ. ಕೆಲಸದ ಜಾಗದಲ್ಲಿ ಅವರ ಕಿವಿಗೆ ಬೀಳುವುದು 'ಬಾರ್ಲಾ, ತಗಳ್ಲಾ, ಏನ್ಲಾ' ಮಾತ್ರ. ಹೀಗೆ ಕನ್ನಡ ಕಲಿತ ಹನ್ನೆರಡು ವರ್ಷದ ಹುಡುಗ ಶಾಲೆಯ ಮೇಷ್ಟ್ರನ್ನು ಕಂಡು ಪ್ರೀತಿಯಿಂದಲೇ 'ಏನ್ಲಾ' ಎಂದನಂತೆ! ಪೆಟ್ಟು ತಿಂದದ್ದು ಹುಡುಗ. ಆ ಭಾಷೆಯನ್ನು ಅವನಿಗೆ ಕಲಿಸಿದವರು ನಾವೇ ಅಲ್ಲವೇ?

ಮಕ್ಕಳು ಬೇಗ ಕಲಿಯುತ್ತಾರೆಂದು ತಾಯಂದಿರ ಕಾಯಿಲೆಯ ಮಾತಿಗೆಲ್ಲ ಅವರನ್ನೇ ದುಭಾಷಿ ಮಾಡಬೇಡಿ. ಮುಟ್ಟಿನ ತೊಂದರೆ, ಬಸಿರು, ಗಂಡನ ಹೊಡೆತ ಇವನ್ನೆಲ್ಲ ಎಂಟು ವರ್ಷದ ಮಗನ ಬಾಯಿಂದ ಯಾವ ತಾಯಿ ಹೇಳಿಸುತ್ತಾಳೆ? ಮುಚ್ಚಿಡುತ್ತಾಳೆ. ಹೆಂಗಸರಿಗೆ ಹೆಂಗಸರೇ ಕಲಿಸುವುದಕ್ಕೆ ಇದೇ ದೊಡ್ಡ ಕಾರಣ.

ಇನ್ನು ನಮ್ಮ ನಡುವೆಯೇ ಇರುವ ಒಂದು ಕಷ್ಟದ ಮಾತು. ನಿಮ್ಮಲ್ಲಿ ಕೆಲವರ ಮನೆಯಲ್ಲೇ ಆಲೆಮನೆ ಇದೆ. ಒಂದು ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ನೇರವಾಗಿ ಕೇಳಿದರು: 'ಮಾತು ಕಲ್ಸಿ, ಬ್ಯಾಡ ಅನ್ನಕಿಲ್ಲ. ಲೆಕ್ಕ ಯಾಕೆ ಕಲ್ಸೀರಿ? ನಾಳೆ ನಮ್ ಮುಂದೇನೇ ಜಗಳಕ್ಕೆ ನಿಲ್ತಾರೆ.' ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅವರ ಭಯ ಸುಳ್ಳಲ್ಲ ಎಂದೇ ನಾವು ಹೇಳಿದೆವು. ಬೆಲ್ಲದ ದರ ಬಿದ್ದಾಗ ಆಲೆಮನೆ ನಡೆಸುವವರ ಕಷ್ಟವೂ ನಮಗೆ ಗೊತ್ತು. ಆದರೆ ಮುಂಗಡ ಎಷ್ಟು, ಎಷ್ಟು ದಿನದ ಕೂಲಿ, ಬಾಕಿ ಎಷ್ಟು ಎಂದು ದುಡಿದವರಿಗೆ ತಿಳಿಯದಂತೆ ಇಟ್ಟು ಉಳಿಸಿಕೊಳ್ಳುವ ಶಾಂತಿ ಎಂಥದ್ದು? ನಮ್ಮ ಸಂಘದಲ್ಲಿ ಪ್ರತಿ ವಾರ ಎಲ್ಲರ ಮುಂದೆ ಲೆಕ್ಕ ಓದುತ್ತೇವೆ. ಓದದೇ ಇದ್ದ ಸಂಘಗಳು ಒಡೆದುಹೋದದ್ದನ್ನು ನೀವೇ ಕಂಡಿದ್ದೀರಿ. ಆ ತಾಯಿ ಅಂದು ಉತ್ತರ ಕೊಡಲಿಲ್ಲ. ಮೂರು ವಾರದ ನಂತರ ತಮ್ಮ ಆಲೆಮನೆಯ ಹಾಜರಿ ಪುಸ್ತಕವನ್ನೇ ತರಗತಿಗೆ ತಂದು, 'ಇದ್ರಲ್ಲೇ ಕಲ್ಸಿ' ಎಂದರು. ಎಲ್ಲ ಕಡೆ ಹೀಗಾಗಲಿಲ್ಲ. ಒಂದು ಆಲೆಮನೆಯವರು ನಮ್ಮನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದರು, ಈಗಲೂ ಒಳಗೆ ಬಿಟ್ಟಿಲ್ಲ.

ಭಾಷೆಯ ಜೊತೆಗೆ ಹೇಳಿಕೊಡಬೇಕಾದ ಎರಡು ಮೂರು ವಿಷಯಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಯಾವ ಮಗುವನ್ನೂ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲಿ ಸೇರಿದೆ. ಅವರ ರಾಜ್ಯದ ಆಹಾರ ಭದ್ರತೆ ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. 108, ಮಕ್ಕಳ ತೊಂದರೆಗೆ 1098, ಈ ಎರಡು ನಂಬರುಗಳನ್ನು ಅವರ ಫೋನಿನಲ್ಲಿ ಹಾಕಿಕೊಡಿ.

ತರಗತಿಗೆ ಇಬ್ಬಿಬ್ಬರು ಜೊತೆಯಾಗಿ ಹೋಗಿರಿ. ವೇಳೆಯನ್ನು ಅವರ ಬಿಡುವು ನೋಡಿ ಇಟ್ಟುಕೊಳ್ಳಿ. ನಮ್ಮಲ್ಲಿ ಮಧ್ಯಾಹ್ನ ಊಟವಾದ ಮೇಲಿನ ಮುಕ್ಕಾಲು ಗಂಟೆ ಹೊಂದಿತು. ಫೋಟೋ ತೆಗೆಯಬೇಡಿ. ಹಳೆ ಸೀರೆ, ಉಳಿದ ಅನ್ನ ಒಯ್ಯಬೇಡಿ, ಒಯ್ದರೆ ತರಗತಿ ಹೋಗಿ ದಾನವಾಗುತ್ತದೆ. ಅವರು ಕೊಟ್ಟ ಟೀ ಕುಡಿಯಿರಿ.

ಹೋಳಿ ಬಂದರೆ ಕೆಲವರು ಊರಿಗೆ ಹೋಗುತ್ತಾರೆ, ಎಲ್ಲರೂ ವಾಪಸ್ಸು ಬರುವುದಿಲ್ಲ. 'ಇಷ್ಟೆಲ್ಲಾ ಕಲ್ಸಿದ್ದು ದಂಡವಾಯ್ತಲ್ಲ' ಎಂದು ಒಬ್ಬರು ಬೇಸರಪಟ್ಟರು. ಔಷಧದ ಮಗುವಿನ ತಾಯಿಯೂ ಹಾಗೇ ಹೋದವಳು. ಈಗ ಪಾಂಡವಪುರ ಕಡೆ ಬೇರೆ ಆಲೆಮನೆಯಲ್ಲಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, 'ಸಿಸ್ಟರ್, ಇಲ್ಲಿ ಅಂಗನವಾಡಿ ಟೀಚರ್ ಜೋರಾಗಿ ಮಾತಾಡ್ತಾರೆ. ನಾನು ಇನ್ನೊಂದು ಸಲ ಹೇಳಿ ಅಂದೆ. ಹೇಳಿದ್ರು' ಎಂದಳು.

ಸಭೆಯಲ್ಲಿ ಮಾತಾಡಿರಿ: ನಮ್ಮೂರ ಶೆಡ್ಡುಗಳಲ್ಲಿ ಎಷ್ಟು ಕುಟುಂಬಗಳಿವೆ, ಅವರ ಹೆಸರೇನು? ಶಾಲೆಗೆ ಹೋಗದ ಮಕ್ಕಳು ಎಷ್ಟು? ವಾರಕ್ಕೆ ಮುಕ್ಕಾಲು ಗಂಟೆ ಕೊಡಲು ನಮ್ಮಲ್ಲಿ ಯಾವ ಇಬ್ಬರು ತಯಾರಿದ್ದಾರೆ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಒಕ್ಕೂಟದ ಸಭೆಗೆ ತನ್ನಿರಿ.