ಹಳೆಯ ಮೋಟಾರ್ ಸೈಕಲ್ಲಿಗೆ ಅಂಗಳದ ಪರೀಕ್ಷೆ

ಸ್ವಂತ ಬಳಕೆಯ ಮೋಟಾರ್ ಸೈಕಲ್ಲಿನ ಮೊದಲ ನೋಂದಣಿಯ ಅವಧಿ 15 ವರ್ಷ. ಆಮೇಲೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ತೀರುವ ಮುಂಚಿನ 60 ದಿನಗಳಲ್ಲಿ 25ನೇ ನಮೂನೆಯ ಅರ್ಜಿ ಕೊಡತಕ್ಕದ್ದು. ಅದಕ್ಕೆ ಮೊದಲು ನಾವೇ ಅಂಗಳದಲ್ಲಿ ಪರೀಕ್ಷಿಸಿಕೊಂಡರೆ ವೃಥಾ ತಿರುಗಾಟ ತಪ್ಪುವುದು.

ಟಯರು: ಗೆರೆಯ ಆಳ 0.8 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಬದಲಿಸಲೇಬೇಕು. ಹಾಲಿನ ಕ್ಯಾನು ಹೊರುವ ಗಾಡಿಯಲ್ಲಿ ಹಿಂದಿನದನ್ನು ಮೊದಲು ನೋಡೋಣ.

ಬ್ರೇಕು: ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂಚಕ್ರವನ್ನು ಕೈಯಿಂದ ತಿರುಗಿಸಿರಿ. ಪೆಡಲು ಒತ್ತಿದೊಡನೆ ನಿಲ್ಲಬೇಕು. ಬಿಟ್ಟೊಡನೆ ಸಲೀಸಾಗಿ ತಿರುಗಬೇಕು.

ಹ್ಯಾಂಡಲು: ಮುಂಚಕ್ರವನ್ನು ಎತ್ತಿಸಿ, ಫೋರ್ಕನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿರಿ. ಕಟಕಟ ಎಂದರೆ ಬೇರಿಂಗು ಸಡಿಲವಾಗಿದೆ.

ದೀಪ: ಕೈ ಬ್ರೇಕಿಗೂ ಕಾಲು ಬ್ರೇಕಿಗೂ ಹಿಂದಿನ ಕೆಂಪು ದೀಪ ಹೊತ್ತಬೇಕು. ಹಾರ್ನು, ಸೂಚಕ ದೀಪ, ಕನ್ನಡಿಗಳನ್ನೂ ಮರೆಯಬಾರದು.

ಹೊಗೆ: ನೀಲಿಯಾದರೆ ಎಂಜಿನಿನಲ್ಲಿ ಎಣ್ಣೆ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ಗಾಳಿಯ ಜಾಲರಿ ಕಟ್ಟಿರಲೂಬಹುದು.

ಆ ಒಂದು ದಿನಕ್ಕೆಂದು ನೆರೆಯವರ ಒಳ್ಳೆಯ ಟಯರನ್ನು ಎರವಲು ತಂದು ತೋರಿಸುವುದು ತರವಲ್ಲ. ಮಳೆಗಾಲದ ಇಳಿಜಾರಿನಲ್ಲಿ ನಮ್ಮ ಮಕ್ಕಳನ್ನು ಕಾಯುವುದು ಮುದ್ರೆಯೊತ್ತಿದ ಕಾಗದವಲ್ಲ, ಗಾಡಿಯ ಬ್ರೇಕು.